ಗುರುಮಲ್ಲನ ಪಿಕಪ್ಪಿನ ಕಟಕಟ

ಹೂಂಗುಟ್ಟೋರು ಹತ್ತಿರ ಬನ್ನಿ, ಆಕಳಿಸೋರು ಆಚೆ ಕೂತ್ಕೊಳ್ಳಿ. ಹನೂರಿನಿಂದಾಚೆ ಬೂದಿಗುಡ್ಡ ಅಂತ ಒಂದೂರು. ಅಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಗುರುಮಲ್ಲ. ವಯಸ್ಸು ಇಪ್ಪತ್ತೆಂಟು, ಮೀಸೆ ಗೇಣುದ್ದ, ಬುದ್ಧಿ ಮಾತ್ರ ಇನ್ನೂ ಹುಟ್ಟೋದರಲ್ಲಿತ್ತು. ಗಾಡಿ ಓಡಿಸೋದು, ಚಕ್ರ ಬಿಚ್ಚಿ ಹಾಕೋದು, ಇವೆರಡು ಬಿಟ್ಟರೆ ಬೇರೇನೂ ತಿಳೀದು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವನ ರೋಗ! "ಯಾವ ಜನ್ಮದ ಪಾಪವೋ ಶಿವನೇ" ಅಂತ ಅವ್ವ ದಿನಕ್ಕೆ ಮೂರು ಸಲ ಹಣೆ ಚಚ್ಚಿಕೊಳ್ಳೋಳು.

ಬೂದಿಗುಡ್ಡದ ಹೆಂಗಸರು ದಿನಾ ಬೆಳಗ್ಗೆ ಹಾಲಿನ ಕ್ಯಾನು ತಲೆ ಮೇಲೆ ಹೊತ್ತು ಮೂರು ಮೈಲಿ ಗುಡ್ಡ ಇಳಿದು ಡೈರಿಗೆ ಹಾಕಬೇಕು. ಕಲ್ಲುದಾರಿ, ಬೈಕು ಬಿಟ್ಟರೆ ಸಾಮಾನ್ಯ ಗಾಡಿ ಯಾವುದೂ ಹತ್ತೋದಿಲ್ಲ. ಹೊತ್ತೂ ಹೊತ್ತೂ ಚಿಕ್ಕತಾಯಮ್ಮನ ಕತ್ತು ಒಂದು ಕಡೆ ವಾಲಿಬಿಟ್ಟಿತ್ತು. ಅದಕ್ಕೇ ಮೇಕೆ ಮಾರಿ, ನಾಲ್ಕು ಚಕ್ರಾನೂ ಎಳೆಯೋ ಹಳೇ ಪಿಕಪ್ ಒಂದನ್ನ ಗೊತ್ತು ಮಾಡಿದಳು. ಮಾರೋ ನಾಗಲಿಂಗ ಒಳ್ಳೇ ಮನುಷ್ಯ. "ಸೋಮವಾರದ ಗಂಟ ಓಡಿಸಿ ನೋಡಕ್ಕಾ. ಹಿಡಿಸಿದ್ರೆ ಇಟ್ಕೋ, ಇಲ್ದಿದ್ರೆ ವಾಪಸ್ ಕೊಡು" ಅಂದ.

ಗಾಡಿ ಬಂದ ದಿನವೇ ಪೂಜೆ ಆಯಿತು. ಕಾಯಿ ಒಡೆದರು, ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸಿದರು. ಅವ್ವ ತಟ್ಟೆಯಿಂದ ನಾಲ್ಕು ಗೋಟಡಿಕೆ ತೆಗೆದು ಕೊಟ್ಟಳು.

"ಒಂದೊಂದು ಚಕ್ರಕ್ಕೆ ಒಂದೊಂದು ಇಡ್ಲಾ. ದ್ಯಾವ್ರ ಅಡಿಕೆ, ನೆಲಕ್ಕೆ ಬೀಳಬಾರ್ದು!"

"ಆಯ್ತವ್ವಾ!" ಅಂದ. ಇಟ್ಟ.

ಮಾರನೇ ದಿನ ಗಾಡಿ ಹೊರಟರೆ, ಕಟ ಕಟ ಕಟ ಕಟ! ನಾಗಲಿಂಗನಿಗೆ ಫೋನು ಮಾಡಿದರೆ, "ನನ್ ತಾವ ಇದ್ದಾಗ ಸದ್ದೇ ಇರ್ಲಿಲ್ಲ ಕಣಕ್ಕಾ" ಅಂದ. ಚಿಕ್ಕತಾಯಮ್ಮ ಲೆಕ್ಕ ಹಾಕಿದಳು. ಸದ್ದು ಗೇರ್ ಬಾಕ್ಸಿಂದಾದರೆ ಗಾಡಿ ಕೊಂಡು ಕೆಟ್ಟಂಗೆ. ವಾಪಸ್ ಕೊಟ್ಟರೆ ಮತ್ತೆ ತಲೆ ಮೇಲೆ ಕ್ಯಾನು.

"ಹೋಗ್ಲಾ, ಪೇಟೆ ಜಬ್ಬಾರ್ ಮೇಸ್ತ್ರಿಗೆ ಆ ಸದ್ದು ಕೇಳ್ಸಿ ಬಾ" ಅಂದಳು.

ಗುರುಮಲ್ಲ ಗಾಡಿಯನ್ನ ಮನೆ ಮುಂದೆ ಬಿಟ್ಟು ನಡ್ಕೊಂಡು ಹೋದ. ಮೇಸ್ತ್ರಿ ಮುಂದೆ ನಿಂತು ಬಾಯಲ್ಲಿ, "ಕಟ ಕಟ ಕಟ ಕಟ" ಅಂದ.

"ಏನಯ್ಯಾ, ಹಲ್ಲುನೋವಾ?"

"ಇಲ್ಲಣ್ಣಾ, ಗಾಡಿ ಹಿಂಗಂತದೆ!"

ಶೆಡ್ಡಿನವರೆಲ್ಲ ನಕ್ಕು ನಕ್ಕು ಸ್ಪಾನರು ಕೆಳಗೆ ಹಾಕಿದರು. ಮನೆಗೆ ಬಂದರೆ ಅವ್ವ ಬೈದಳು. "ಅಯ್ಯೋ ಬೆಪ್ಪೇ! ಬರೀ ಬಾಯಲ್ಲಿ ಯೋಳುದ್ರೆ ಆಯ್ತದಾ? ಸದ್ದು ಮಾಡೋದನ್ನೇ ತಗೊಂಡೋಗ್ಬೇಕು ಕಣ್ಲಾ!"

"ನಾಳೆ ಹಂಗೇ ಮಾಡ್ತೀನಿ ಕಣವ್ವಾ!"

ಮಾರನೇ ದಿನ ಗುರುಮಲ್ಲ ಊರಲ್ಲಿ ಸದ್ದು ಮಾಡೋದನ್ನೆಲ್ಲ ಗಾಡಿಗೆ ತುಂಬಿದ. ಹನ್ನೆರಡು ಕೋಳಿ, ಬೊಗಳೋ ನಾಯಿ, ಮಠದ ಜಾಗಟೆ, ಕೊನೆಗೆ ಪಕ್ಕದ ಮನೆ ಸಾಕಮ್ಮ. ಆ ಹೆಂಗಸು ಬಾಯಿ ಬಿಟ್ಟರೆ ಮೂರೂರಿಗೆ ಕೇಳ್ತದೆ. "ಪೇಟೆಗೆ ಬಾ ದೊಡ್ಡವ್ವಾ" ಅಂದ, ಹತ್ತಿ ಕೂತಳು. ಯಾಕೆ ಅಂತ ದಾರೀಲಿ ಗೊತ್ತಾಯ್ತು. ಆಮೇಲೆ ಕೇಳಬೇಕಾ! ಶೆಡ್ಡಿನ ಮುಂದೆ ಕೋಳಿ ಕೊಕ್ಕೊಕ್ಕೋ, ನಾಯಿ ಬೌಬೌ, ಸಾಕಮ್ಮ "ನಿನ್ ಬಾಯಿಗೆ ಮಣ್ಣಾಕಾ!" ಇದರ ನಡುವೆ ಕಟಕಟ ಯಾರಿಗೆ ಕೇಳೀತು?

ಜಬ್ಬಾರ್ ಮೇಸ್ತ್ರಿ ಕಿವಿ ಮುಚ್ಕೊಂಡು ಕೂಗಿದ. "ಲೇ ಪುಣ್ಯಾತ್ಮ! ಸದ್ದು ಕೇಳ್ಬೇಕು ಅಂದ್ರೆ ಗಾಡೀಲಿರೋದೆಲ್ಲ ಮೊದ್ಲು ಖಾಲಿ ಮಾಡ್ಬೇಕು! ಖಾಲಿ ಮಾಡು, ಆಮೇಲೆ ಕೇಳು!"

"ಆಯ್ತಣ್ಣಾ!"

ಶನಿವಾರ ಹೆಂಗಸರಿಗೆ ಆಸೆ ತಡೀಲಿಲ್ಲ. ಸದ್ದಿದ್ದರೆ ಇರಲಿ ಅಂತ ಹಾಲಿನ ಕ್ಯಾನೆಲ್ಲ ಗಾಡಿಗಿಟ್ಟರು. ಚಿಕ್ಕತಾಯಮ್ಮ ಬರಿಗೈ ಬೀಸಿಕೊಂಡು ಹಿಂದೆ ನಡೆದಳು. ಹದಿನೈದು ವರ್ಷದಲ್ಲಿ ಮೊದಲ ಸಲ ತಲೆಯೆತ್ತಿ ಆಕಾಶ ನೋಡಿದಳು. ಅವಳಿಗೆ ಅಳುವೇ ಬಂತು, ಖುಷಿಗೆ.

ಅರ್ಧ ಗುಡ್ಡ ಇಳಿದಿದ್ದಾರೆ, ಗಾಡಿ ಕಟ ಕಟ ಕಟ! ಗುರುಮಲ್ಲ ಗಕ್ಕನೆ ನಿಲ್ಲಿಸಿದ, ಹಿಂದಕ್ಕೆ ಹತ್ತಿದ, ಒಂದೊಂದೇ ಕ್ಯಾನಿನ ಮುಚ್ಚಳ ತೆಗೆದ, ಸುರಿದ! ಕಲ್ಲುದಾರಿ ತುಂಬ ಹಾಲು. ಹೆಂಗಸರು ಲಬೋ ಲಬೋ ಅಂತ ಬಾಯಿ ಬಡ್ಕೊಂಡರು.

"ಮೇಸ್ತ್ರಿ ಖಾಲಿ ಮಾಡು ಅಂದಿದ್ರು ಕಣವ್ವಾ!"

"ಹಾಳಾದೋನೇ! ಊರ ಹಾಲೆಲ್ಲ ಇರುವೆಗೆ ಕುಡ್ಸುದ್ಯಲ್ಲೋ! ಸದ್ದು ಬಂದ್ರೆ ಎಲ್ಲಿಂದ ಬತ್ತದೆ ಅಂತ ಕಡ್ಡಿ ಇಟ್ಟು ಕಿವಿ ಕೊಡ್ಬೇಕು. ಮೇಸ್ತ್ರಿಗಳು ಮಾಡೋದು ನೋಡಿಲ್ವಾ? ಗರಗರ ಅನ್ನೋ ಕಡೆ ಗ್ರೀಸ್ ಬಳೀಬೇಕು!"

"ಹಂಗೇ ಮಾಡ್ತೀನಿ!"

ಸಂಜೆ ಒಂದು ಬಿದಿರು ಕಡ್ಡಿ, ಒಂದು ಡಬ್ಬಿ ಗ್ರೀಸ್ ಹಿಡ್ಕೊಂಡು ಹೊರಟ. ಜಗಲಿ ಮೇಲೆ ಊರ ಯಜಮಾನ ಜಡಿಯಪ್ಪ ಮಲಗಿದ್ದ. ಗರ್‍ರ್... ಗರ್‍ರ್... ಒಳ್ಳೇ ಗೊರಕೆ! ಗುರುಮಲ್ಲ ಕಡ್ಡಿಯ ಒಂದು ತುದಿ ಯಜಮಾನನ ಎದೆ ಮೇಲಿಟ್ಟ, ಇನ್ನೊಂದು ತುದಿಗೆ ಕಿವಿ ಕೊಟ್ಟ. ಗರಗರ! ಕತ್ತಿನ ಮೇಲಿಟ್ಟ. ಗರಗರ! ಮೂಗಿನ ಹತ್ತಿರ ಇಟ್ಟ. ಅಬ್ಬಬ್ಬಾ, ಇಲ್ಲೇ ಜಾಸ್ತಿ! ಎರಡು ಹೊಳ್ಳೆಗೂ ಬೆರಳು ತುಂಬ ಗ್ರೀಸ್ ಬಳಿದ.

ಯಜಮಾನ ಎದ್ದ. ಸೀನಿದ. ಆಮೇಲೆ ಊರೆಲ್ಲ ಅಟ್ಟಾಡಿಸ್ಕೊಂಡು ಹೊಡೆದ.

ಚಿಕ್ಕತಾಯಮ್ಮ ಮೇಸ್ತ್ರಿಗೆ ಫೋನು ಮಾಡಿ ಅತ್ತಳು. "ನಾಡಿದ್ದು ಸೋಮವಾರ, ನಾಗಲಿಂಗ ಬತ್ತಾನೆ. ಇಟ್ಕೊಳ್ಳದಾ ಕಳ್ಸದಾ, ನೀನೇ ಬಂದು ಯೋಳಣ್ಣಾ!"

ಜಬ್ಬಾರ್ ಮೇಸ್ತ್ರಿ ಕರುಣಾಳು. "ಸೋಮವಾರ ಬೆಳಗ್ಗೆಗೇ ಬತ್ತೀನಿ ತಾಯಿ. ಫೋನ್ ನಿಮ್ ಮಗನಿಗೆ ಕೊಡಿ. ಲೇ ಗುರುಮಲ್ಲ, ಯಾವ ಮನುಷ್ಯನ್ನೂ ಮುಟ್ಟಬ್ಯಾಡ! ಗಾಡಿಗೆ ಜಾಕ್ ಹಾಕಿ, ಕಲ್ಲು ಕೊಟ್ಟು ನಿಲ್ಸು. ನಾನು ಬರೋ ಹೊತ್ಗೆ ನಾಲ್ಕು ಚಕ್ರಾನೂ ನೆಲದಿಂದ ಮೇಲಿರ್ಬೇಕು. ತಿಳೀತಾ?"

"ತಿಳೀತಣ್ಣಾ!"

ಸೋಮವಾರ ಮೇಸ್ತ್ರಿ ಬೈಕಲ್ಲಿ ಬಂದ. ನಾಗಲಿಂಗ ಬಂದ. ಹೆಂಗಸರೂ ಕ್ಯಾನು ಹಿಡ್ಕೊಂಡು ಬಂದರು. ನೋಡಿದರೆ, ಗಾಡಿ ನಾಲ್ಕು ಕಲ್ಲಿನ ಮೇಲೆ ಕೂತಿದೆ, ಚಕ್ರ ಒಂದೂ ಇಲ್ಲ!

"ಚಕ್ರ ಎಲ್ಲೋ?"

"ನೆಲದಿಂದ ಮೇಲಿವೆ ಕಣಣ್ಣಾ!" ಅಂತ ಗುರುಮಲ್ಲ ತೋರಿಸಿದ. ಗುಡ್ಡದ ಅಂಚಿನ ಹುಣಸೇಮರದಲ್ಲಿ ನಾಲ್ಕು ಚಕ್ರವೂ ಬಾವಿಹಗ್ಗದಲ್ಲಿ ಆಳೆತ್ತರಕ್ಕೆ ನೇತಾಡ್ತಾ ಇದ್ದವು.

ಅವ್ವ ಹಣೆ ಚಚ್ಚಿಕೊಂಡಳು. ಮೇಸ್ತ್ರಿಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. ಬಂದಿದ್ದೀನಿ, ಇರಲಿ ಅಂತ ಗಾಡಿ ಚಾಲೂ ಮಾಡಿದ, ನಾಲ್ಕು ಚಕ್ರ ಎಳೆಯೋ ಗೇರು ಹಾಕಿದ. ಚಕ್ರ ಕೂರೋ ನಾಲ್ಕು ಡ್ರಮ್ಮೂ ಗಿರ್ರನೆ ತಿರುಗಿದವು. ಸದ್ದಿಲ್ಲ! ಇನ್ನೂ ಜೋರು ಮಾಡಿದ. ಕಟ ಅನ್ನೋದೂ ಇಲ್ಲ!

"ತಾಯೀ! ಗೇರ್ ಬಾಕ್ಸು ಗಟ್ಟಿಗಿದೆ, ಆಕ್ಸಲ್ಲು ಗಟ್ಟಿಗಿದೆ! ರೋಗ ಇರೋದು ಚಕ್ರದಲ್ಲೇ!"

ಅಷ್ಟು ಹೊತ್ತಿಗೆ ಗಾಳಿ ಬೀಸಿತು. ಮರದ ಕಡೆಯಿಂದ, ಕಟ ಕಟ ಕಟ! ಮೇಸ್ತ್ರಿ ಓಡಿಹೋಗಿ ಒಂದು ಚಕ್ರದ ಮುಚ್ಚಳ ಮೀಟಿದ. ಟಣ್ ಅಂತ ಬಿತ್ತು, ಒಂದು ಗೋಟಡಿಕೆ! ಇನ್ನೊಂದು ಮೀಟಿದ. ಇನ್ನೊಂದು ಅಡಿಕೆ!

"ಅವ್ವಾ! ದ್ಯಾವ್ರ ಅಡಿಕೆ ಬಿದ್ದೋಯ್ತಲ್ಲವ್ವಾ!" ಅಂತ ಗುರುಮಲ್ಲ ಬಾಯಿ ಬಡ್ಕೊಂಡ.

"ಅಲ್ಲಿಟ್ಟಿದ್ಯೇನ್ಲಾ? ಚಕ್ರ ಬಿಚ್ಚೋವಾಗ ಕಾಣ್ಲಿಲ್ವಾ?"

"ಕಾಣ್ತು ಕಣವ್ವಾ. ಬೀಳಬಾರ್ದು ಅಂದಿದ್ಯಲ್ಲ, ಮತ್ತೆ ಅಲ್ಲೇ ಇಟ್ಟು ಮುಚ್ಚುದೆ!"

ಅವ್ವ ಹೊಡೆಯೋಕೆ ಕೈ ಎತ್ತಿದಳು. ಎತ್ತಿದ ಕೈಲಿ ಅವನ ತಲೆ ಸವರಿದಳು. ಮುಂಡೇದು, ಗಾಡಿ ಉಳೀತು! "ಇಟ್ಕೋತೀನಿ ಕಣಪ್ಪಾ ನಾಗಲಿಂಗ!" ಅಂದಳು. ಹೆಂಗಸರು ಹೋ ಅಂದರು. ಮೇಸ್ತ್ರಿ ಉಳಿದೆರಡು ಅಡಿಕೆಯನ್ನೂ ತೆಗೆದ.

"ಇನ್ನೇನ್ಲಾ ನೋಡ್ತೀಯ? ಹಾಲಿಗೆ ಹೊತ್ತಾಯ್ತು. ಬೇಗ ಚಕ್ರ ಇಳಿಸ್ಲಾ!"

"ಆಯ್ತವ್ವಾ!" ಅಂತ ಗುರುಮಲ್ಲ ಕುಡುಗೋಲು ಹಿಡಿದು ಮರ ಹತ್ತಿದ. ಒಂದೊಂದೇ ಹಗ್ಗ ಕುಯ್ದ. ಒಂದು ಚಕ್ರ ಬಿತ್ತು, ಪುಟಿಯಿತು, ಇಳಿಜಾರು ಹಿಡಿಯಿತು. ಅದರ ಹಿಂದೆ ಎರಡನೇದು, ಮೂರನೇದು, ನಾಲ್ಕನೇದು! ನಾಲ್ಕೂ ಮೂರು ಮೈಲಿ ಗುಡ್ಡ ಇಳಿದು ಸೀದಾ ಡೈರಿ ಬಾಗಿಲಿಗೆ ಹೋಗಿ ನಿಂತವು.

ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿ ಕ್ಯಾನು ತಲೆಗೇರಿಸಿದರು. ಬರುವಾಗ ಚಕ್ರ ಉರುಳಿಸಿಕೊಂಡು ಬರಬೇಕಲ್ಲ ಅಂತ ನಗ್ತಾ ನಗ್ತಾ ಇಳಿದರು.

ಗುರುಮಲ್ಲ ಮಾತ್ರ ಮರದ ತುದೀಲೇ ಕೂತು, ಅಂಗೈಯನ್ನ ಕಿವಿಗೆ ಮರೆಮಾಡಿ ಕೇಳಿಸ್ಕೋತಿದ್ದ.

"ಅವ್ವಾ! ಡೈರಿ ಗಂಟ ಹೋದೋ ಕಣವ್ವಾ! ಒಂಚೂರೂ ಸದ್ದಿಲ್ಲ!"