ಟವೆಲಿನ ಅಡಿಯಲ್ಲಿ

ವಾರಿಜಮ್ಮನ ಹಿತ್ತಲ ಹಗ್ಗದ ಮೇಲೆ ಗಂಡನ ಜರಿಪಂಚೆ, ತೂತುಬಿದ್ದ ಬನಿಯನ್ ಎರಡೂ ಬಿಸಿಲಿಗೆ ಮೈಯೊಡ್ಡಿದ್ದವು. ಅವಳ ಒಳಕುಪ್ಪಸ ಮಾತ್ರ ಎಂದಿನಂತೆ ಹಳೆಯ ಟವೆಲಿನ ಅಡಿಯಲ್ಲಿ ಅಡಗಿತ್ತು.

"ಟವೆಲಣ್ಣ, ನಾನಿನ್ನೂ ಒದ್ದೆ," ಎಂದಿತು ಒಳಕುಪ್ಪಸ. "ನಿನ್ನೆಯೂ ಹಸಿಯಾಗಿಯೇ ತೊಟ್ಟಳು. ಪಾಪ, ಮೈಯೆಲ್ಲ ಗಂಧೆ ಎದ್ದಿದೆ. ಸ್ವಲ್ಪ ಸರಿದುಕೋ."

"ಸರಿಯಬೇಡ! ಅಶ್ಲೀಲ!" ಎಂದು ಪಂಚೆ ಗದರಿತು.

"ಹಾಗೆಂದರೇನು, ಪಂಚೆರಾಯರೇ?" ಟವೆಲು ಕೇಳಿತು.

"ಒಳಗೆ ತೊಡುವಂಥದ್ದು ಹೊರಗೆ ಕಾಣುವುದು."

"ಹಾಗಾದರೆ ನಿಮ್ಮ ಪಕ್ಕದ ಬನಿಯನ್?"

ಬನಿಯನ್ ನಕ್ಕಿತು. "ನನ್ನನ್ನು ಇದುವರೆಗೆ ಯಾರೂ ಹಾಗೆ ಕರೆದಿಲ್ಲಪ್ಪ."

"ಅರ್ಥವನ್ನು ನೀವು ಹೇಳಿದಿರಿ, ರಾಯರೇ. ಬಳಕೆಯನ್ನು ಇವನು ಹೇಳಿದ," ಎಂದಿತು ಟವೆಲು.

ಆಗಲೇ ಗಾಳಿ ಬೀಸಿತು. ಟವೆಲು ಬೇಕೆಂದೇ ಹಗ್ಗದ ಹಿಡಿತ ಬಿಟ್ಟು ಕೆಸರಿಗೆ ಬಿದ್ದಿತು. ಮತ್ತೆ ಒಗೆಯುವ ಕಲ್ಲಿನ ಪೆಟ್ಟು ತಿನ್ನಬೇಕಾಗುತ್ತದೆಂದು ಅದಕ್ಕೆ ಗೊತ್ತಿತ್ತು.

ಸಂಜೆ ವಾರಿಜಮ್ಮ ಗರಿಗರಿಯಾಗಿ ಒಣಗಿದ ಒಳಕುಪ್ಪಸವನ್ನು ಕೆನ್ನೆಗೆ ಒತ್ತಿಕೊಂಡು ಒಂದು ಗಳಿಗೆ ನಿಂತಳು. ಆಮೇಲೆ ಕೆಸರಾದ ಟವೆಲನ್ನು ಮತ್ತೆ ಒಗೆದು ಹಗ್ಗಕ್ಕೆ ಹರವಿದಳು. ಅಂದಿನಿಂದ ಅದರ ಅಡಿಯಲ್ಲಿ ಏನನ್ನೂ ಹಾಕಲಿಲ್ಲ.