ಬೂದವ್ವ ಆರಿಸಿದ ಅಲಗು

ಬೆಟ್ಟಗಳ ಮೈ ಇನ್ನೂ ಬಿಸಿ ಆರಿರದ ಕಾಲ ಅದು. ಯಾವ ಕಡೆ ಹರಿಯಬೇಕು ಎಂದು ಹೊಳೆಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಆಗ ಯಾವ ಪ್ರಾಣಿಯ ಬಾಯಲ್ಲೂ ಹಲ್ಲಿರಲಿಲ್ಲ. ಯಾವ ಕಾಲಿಗೂ ಉಗುರಿರಲಿಲ್ಲ. ಎಲ್ಲರೂ ಮೆತ್ತಗಿನದನ್ನು ತಿಂದು ಮೆತ್ತಗಿನದರ ಮೇಲೆ ಮಲಗುತ್ತಿದ್ದರು.

ಹಾವು ಮಾತ್ರ ಆಗಲೂ ಹಾವೇ. ಇಡಿಯಾಗಿ ನುಂಗುತ್ತಿತ್ತು.

ಬೂದವ್ವ ಎಂಬ ಇಲಿ ಹುಣಸೆ ಮರದ ಬುಡದ ಪೊಟರೆಯಲ್ಲಿ ಮರಿ ಹಾಕಿದ್ದಳು. ಬೆಚ್ಚಗಿನ ಮನೆ. ಎಂಥ ಮಳೆಗೂ ಒಂದು ಹನಿ ಒಳಗೆ ಬೀಳದ ಮನೆ. ಕೊರತೆ ಒಂದೇ. ಅದಕ್ಕೆ ಇದ್ದದ್ದು ಒಂದೇ ಬಾಗಿಲು.

ಒಂದು ಬೆಳಗ್ಗೆ ಆ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ನೋಡಿದರೆ ಕೇರೆಹಾವಿನ ತಲೆ.

"ಚೆನ್ನಾಗಿದ್ದೀಯೇನವ್ವ?" ಎಂದಿತು ಹಾವು.

"ಇದ್ದೀನಣ್ಣ," ಎಂದಳು ಬೂದವ್ವ. ಮರಿಗಳಿಗೆ ಅಡ್ಡ ನಿಂತಳು.

"ಮಕ್ಕಳು?"

"ಈಗ ಹುಟ್ಟಿದಾವೆ. ಮೈಮೇಲೆ ಕೂದಲೂ ಬಂದಿಲ್ಲ."

"ಹೌದೌದು, ಎರೆಹುಳದಷ್ಟಿವೆ. ನನ್ನ ಹಲ್ಲಿಲ್ಲದ ಬಾಯಿಗೂ ಸಾಲಲ್ಲ. ಚೆನ್ನಾಗಿ ಹಾಲು ಕುಡಿಸು. ಹುಣ್ಣಿಮೆ ಹೊತ್ತಿಗೆ ಬರ್ತೀನಿ." ಹಾವು ರೆಪ್ಪೆ ಬಡಿಯದೆ ಒಂದು ಗಳಿಗೆ ಮರಿಗಳನ್ನು ನೋಡಿ ಹಿಂದಕ್ಕೆ ಸರಿಯಿತು.

ಬೂದವ್ವ ಪೊಟರೆಯ ಹಿಂದಿನ ಗೋಡೆಯನ್ನು ತಡವಿದಳು. ಅಲ್ಲೊಂದು ಬಾಗಿಲಾದರೆ ಮಕ್ಕಳು ಉಳಿಯುತ್ತವೆ. ವಸಡಿನಿಂದ ಕಚ್ಚಿದಳು, ಪಂಜದಿಂದ ಕೆರೆದಳು. ಹುಣಸೆ ಬೇರು ಕಲ್ಲಿನ ಹಾಗಿತ್ತು. ಒಂದು ಗೆರೆಯೂ ಮೂಡಲಿಲ್ಲ.

ಅಷ್ಟರಲ್ಲಿ ಗಾಳಿ ಬಂತು. ಅದು ಎಲ್ಲರ ಮನೆಗೂ ಹೋಗಿ ಎಲ್ಲರ ಸುದ್ದಿಯನ್ನೂ ಹೊರುತ್ತಿತ್ತು.

"ಅಳ್ತಾ ಕೂತರೆ ಮರ ಕರಗುತ್ತಾ?" ಎಂದಿತು ಗಾಳಿ. "ಕೆಂಪು ಬೆಟ್ಟದ ಮೇಲೆ ಚಿಪ್ಪಯ್ಯ ಅಂಗಡಿ ಹಾಕಿದ್ದಾನೆ. ಬಾಯಿಗೆ, ಕಾಲಿಗೆ ಹಾಕಿಕೊಳ್ಳೋ ಅಲಗು ಮಾರ್ತಾನೆ. ಇವತ್ತೇ ಕೊನೆ. ಹೋಗು."

ಬೂದವ್ವ ಮಳೆಗಾಲಕ್ಕೆಂದು ಕೂಡಿಟ್ಟಿದ್ದ ರಾಗಿ ತೆನೆಯನ್ನೆಲ್ಲ ಎಲೆಯಲ್ಲಿ ಕಟ್ಟಿಕೊಂಡಳು. ಬಾಗಿಲು ದಾಟಿದವಳು ಮತ್ತೆ ತಿರುಗಿದಳು. ಸಿಡಿಲಿಗೆ ಸಿಡಿದು ಬಿದ್ದಿದ್ದ ಹುಣಸೆ ಬೇರಿನ ಒಂದು ಚಕ್ಕೆಯನ್ನೂ ಗಂಟಿಗೆ ಸೇರಿಸಿದಳು.

ಚಿಪ್ಪಯ್ಯ ಒಂದು ಚಿಪ್ಪುಹಂದಿ. ಬೆಟ್ಟದ ಕಬ್ಬಿಣವನ್ನೇ ಮೈತುಂಬ ಹೊದ್ದಿದ್ದ. ಅವನ ಮುಂದೆ ಸಾಲಾಗಿ ಅಲಗುಗಳು. ಪಕ್ಕದಲ್ಲಿ ಒಂದು ಬಾಳೆದಿಂಡು. ಬಂದವರೆಲ್ಲ ಅಲಗು ಎತ್ತಿಕೊಂಡು ಆ ದಿಂಡಿನ ಮೇಲೆ ಒಮ್ಮೆ ಎಳೆದು ನೋಡುವುದು ಅಲ್ಲಿನ ಪದ್ಧತಿ. ದಿಂಡು ಸರ್ರನೆ ಸೀಳುತ್ತಿತ್ತು. "ಆಹಾ!" ಎಂದು ಕೊಂಡುಕೊಂಡು ಹೋಗುತ್ತಿದ್ದರು. ಬಾಳೆದಿಂಡಿನ ಮೇಲೆ ಯಾವ ಅಲಗು ತಾನೆ ಸೋಲುತ್ತದೆ? ಅಂಗಡಿಯವನು ಅದನ್ನು ಅಲ್ಲಿ ಇಟ್ಟದ್ದೇ ಅದಕ್ಕೆ.

ಆನೆ ಉದ್ದನೆಯ ಜೋಡಿ ತೆಗೆದುಕೊಂಡಿತು. ಅದರಲ್ಲಿ ಒಂದು ತುತ್ತೂ ಅಗಿಯಲಾಗುವುದಿಲ್ಲ ಎಂದು ಗೊತ್ತಾಗಿದ್ದು ಮನೆಗೆ ಹೋದ ಮೇಲೆ. ಬೆಕ್ಕು ಬುದ್ಧಿವಂತೆ. ಸಣ್ಣದು ಸಾಕು, ಒರೆ ಇರಲಿ ಎಂದಳು.

ಬೂದವ್ವ ಸಾಲಿನಲ್ಲಿ ನಿಂತಳು. ಬೆನ್ನಿಗೆ ತಣ್ಣನೆಯ ಉಸಿರು ತಾಗಿತು.

"ಓಹೋ, ಬೂದವ್ವ! ನೀನೂ ಬಂದೆಯಾ?"

ಕೇರೆಹಾವು ಬಂಡೆಯ ನೆರಳಲ್ಲಿ ಸುರುಳಿ ಸುತ್ತಿ ಕುಳಿತಿತ್ತು. ಅಂಗಡಿ ಎತ್ತುವವರೆಗೆ ಆ ಬೆಟ್ಟದ ಮೇಲೆ ಯಾರೂ ಯಾರನ್ನೂ ತಿನ್ನಬಾರದು ಎಂಬ ಕಟ್ಟುಪಾಡಿತ್ತು. ಆದರೂ ಬೂದವ್ವ ಎರಡು ಹೆಜ್ಜೆ ಆಚೆ ಸರಿದಳು.

"ನಿನಗ್ಯಾವ ಅಲಗು ಬೇಕಣ್ಣ?" ಎಂದಳು.

"ಇಡಿಯಾಗಿ ನುಂಗೋನಿಗೆ ಅಲಗು ಯಾಕವ್ವ? ಯಾರು ಏನು ಕೊಂಡರು ಅಂತ ನೋಡೋಕೆ ಬಂದೆ. ನೋಡಿಟ್ಟುಕೊಂಡರೆ ಆಮೇಲೆ ಅನುಕೂಲ. ನಿನಗ್ಯಾಕೆ?"

"ಕಾಳು ಒಡೆಯೋಕೆ."

"ಕಾಳು," ಎಂದಿತು ಹಾವು. ಅದರ ಕಣ್ಣು ಅವಳ ಗಂಟಿನಿಂದ ಇಣುಕುತ್ತಿದ್ದ ಹುಣಸೆ ಚಕ್ಕೆಯ ಮೇಲಿತ್ತು. "ಹುಣ್ಣಿಮೆ ಬಹಳ ದೂರ ಆಯ್ತು ಕಣವ್ವ. ಇವತ್ತು ಸಂಜೆಗೇ ಬಂದುಬಿಡ್ತೀನಿ."

ಸೂರ್ಯ ಆಗಲೇ ಪಡುವಣಕ್ಕೆ ವಾಲಿದ್ದ.

"ಹೂಂ, ಮುಂದಿನವರು!" ಎಂದ ಚಿಪ್ಪಯ್ಯ. ಕನ್ನಡಿಯ ಹಾಗೆ ಹೊಳೆಯುವ ತೆಳ್ಳನೆಯ ಅಲಗೊಂದನ್ನು ಮುಂದೆ ಹಿಡಿದ. "ಇದನ್ನು ನೋಡಿ. ಎಲ್ಲರೂ ಕೇಳೋದು ಇದನ್ನೇ. ದಿಂಡಿನ ಮೇಲೆ ಎಳೀರಿ."

"ದಿಂಡು ನಿನಗೇ ಇರಲಿ," ಎಂದಳು ಬೂದವ್ವ. "ನಮ್ಮನೆ ಮರ ತಂದಿದ್ದೀನಿ." ಹುಣಸೆ ಚಕ್ಕೆಯ ಮೇಲೆ ಎಳೆದಳು. ಟಣ್! ಅಲಗಿನ ಬಾಯಿ ಮುಕ್ಕಾಯಿತು.

ಚಿಪ್ಪಯ್ಯನ ಮುಖ ಸಪ್ಪಗಾಯಿತು. ಕಪ್ಪನೆಯ ಇನ್ನೊಂದನ್ನು ತೆಗೆದ. ಅದು ಹುಣಸೆಯನ್ನು ಕಡಿಯಿತು, ಚೆನ್ನಾಗಿಯೇ ಕಡಿಯಿತು.

"ಇದರ ಚಾಕರಿ ಏನು?" ಎಂದು ಕೇಳಿದಳು ಬೂದವ್ವ.

"ಕೆಲಸ ಆದ ತಕ್ಷಣ ಒರೆಸಬೇಕು. ಎಣ್ಣೆ ಹಚ್ಚಬೇಕು. ದಿನಾ ಕಲ್ಲಿಗೆ ಮಸೀಬೇಕು. ಒದ್ದೆ ಬಿಟ್ಟರೆ ತುಕ್ಕು."

"ಎಳೇ ಮರಿ ಇರೋ ಮನೇಲಿ ಯಾರಪ್ಪ ಎಣ್ಣೆ ಹಚ್ಚಿಕೊಂಡು ಕೂರ್ತಾರೆ? ಬೇರೆ ತೋರಿಸು. ಬೇಗ."

ಇಳಿಬಿಸಿಲು ಬಂಡೆಯ ನೆತ್ತಿಯಲ್ಲಷ್ಟೇ ಉಳಿದಿತ್ತು. ಹಾವು ಒಂದು ಸುರುಳಿ ಬಿಚ್ಚಿತು.

ಚಿಪ್ಪಯ್ಯ ಹಿಂದಿದ್ದ ಗೋಣಿಯ ಕೆಳಗೆ ಕೈ ಹಾಕಿದ. ಮೇಲಕ್ಕೊಂದು ಕೆಳಕ್ಕೊಂದು ಇದ್ದ ಜೋಡಿ ಹೊರಬಂತು. ಸಣ್ಣದು, ಬಾಗಿದ್ದು, ನೋಡಿದರೆ ಯಾರೂ ಮುಟ್ಟದಂಥ ಅರಿಸಿನ ಬಣ್ಣದ್ದು. "ಇದು ಬೆಟ್ಟದ ಹಸಿ ಕಬ್ಬಿಣ ಬೆರೆತದ್ದು. ಮುಂದೆ ಗಟ್ಟಿ, ಹಿಂದೆ ಮೆದು. ಕಡಿದಷ್ಟೂ ಹಿಂದಿನದು ಸವೆಯುತ್ತೆ, ಮುಂದಿನದು ಹರಿತವಾಗುತ್ತೆ. ಎಣ್ಣೆ ಬೇಡ, ಮಸೆಗಲ್ಲು ಬೇಡ."

"ಸವೆದು ಮುಗಿದರೆ?"

"ಮುಗಿಯಲ್ಲ. ಬೆಳೀತಾ ಇರುತ್ತೆ."

ಬೂದವ್ವ ಹುಣಸೆಗೆ ಹಿಡಿದಳು. ಕರಕರ, ಕರಕರ. ಹುಡಿ ಉದುರಿತು. ಅಲಗು ಮೊದಲಿಗಿಂತ ಹರಿತವಾಗಿತ್ತು.

"ಇಷ್ಟು ಒಳ್ಳೇದನ್ನ ಯಾಕೆ ಯಾರೂ ಕೊಂಡಿಲ್ಲ?" ಎಂದು ಕೇಳಿದಳು.

ಚಿಪ್ಪಯ್ಯ ಬಾಯಿ ತೆರೆದ. ಅಷ್ಟರಲ್ಲಿ ಬಂಡೆಯ ಹತ್ತಿರ ತರಗೆಲೆ ಸರಸರ ಎಂದಿತು. ಬೂದವ್ವ ತಿರುಗಿ ನೋಡಿದಳು. ನೆರಳಲ್ಲಿ ಹಾವಿರಲಿಲ್ಲ.

ಕೇಳಬೇಕಾದ ಪ್ರಶ್ನೆಯನ್ನೇ ಅವಳು ಕೇಳಿದ್ದಳು. ಉತ್ತರಕ್ಕೆ ಮಾತ್ರ ನಿಲ್ಲಲಿಲ್ಲ. ರಾಗಿ ಗಂಟನ್ನು ಅಲ್ಲೇ ಎಸೆದು, ಅಲಗನ್ನು ವಸಡಿಗೆ ಒತ್ತಿಕೊಂಡು ಓಡಿದಳು.

ಅವಳು ಪೊಟರೆಯೊಳಗೆ ನುಗ್ಗಿದ್ದಕ್ಕೂ ಬಾಗಿಲಿನ ಬೆಳಕು ಹೋದದ್ದಕ್ಕೂ ನಡುವೆ ಹೆಚ್ಚು ಹೊತ್ತಿರಲಿಲ್ಲ.

"ಬಂದೆ ಕಣವ್ವ," ಎಂದಿತು ಹಾವು. ದಪ್ಪನೆಯ ಮೈ, ಇಕ್ಕಟ್ಟು ಬಾಗಿಲು. ಸ್ವಲ್ಪ ಸ್ವಲ್ಪವೇ ಒಳಗೆ ಬರಬೇಕಿತ್ತು.

ಬೂದವ್ವ ಹಿಂದಿನ ಗೋಡೆಗೆ ಬಾಯಿ ಹಾಕಿದಳು. ಕರಕರ, ಕರಕರ.

"ಏನದು ಸದ್ದು?"

"ಕಾಳು ಒಡೀತಿದ್ದೀನಣ್ಣ."

"ಒಡಿ, ಒಡಿ." ಹಾವು ಒಂದು ಗೇಣು ಒಳಗೆ ಬಂತು.

ಕರಕರ, ಕರಕರ. ಬಾಯಿತುಂಬ ಹುಣಸೆಯ ಹುಡಿ. ಅಲಗು ಮುಕ್ಕಾಗಲಿಲ್ಲ, ಮೊಂಡಾಗಲಿಲ್ಲ. ಹಾವಿನ ನಾಲಿಗೆ ಅವಳ ಬಾಲವನ್ನು ಮುಟ್ಟಿ ಹಿಂದೆ ಹೋಯಿತು. ಕರಕರ, ಕರಕರ. ಆಗ ಒಂದು ಕಾಳಿನಷ್ಟು ಬೆಳಕು ಬಂತು. ಆಮೇಲೆ ಒಂದು ಮರಿಯಷ್ಟು, ಕೊನೆಗೆ ಅವಳೇ ತೂರುವಷ್ಟು.

ಹೊಸ ಅಲಗಿನ ಬಾಯಲ್ಲಿ ಎಳೆಯ ಮರಿಯನ್ನು ಎತ್ತುವುದು ಹೇಗೆ? ಅವಳು ತುಟಿಯನ್ನು ಅಲಗಿಗೆ ಸುತ್ತಿ, ಒಂದೊಂದನ್ನೇ ಹೊರಗೆ ದಾಟಿಸಿದಳು. ಕೊನೆಯ ಮರಿಗೆ ತಿರುಗಿದಾಗ ಹಾವಿನ ಬಾಯಿ ಅದರ ಪಕ್ಕದಲ್ಲಿ ತೆರೆದಿತ್ತು. ಬೂದವ್ವ ಆ ಬಾಯಿಯ ಅಂಚಿನಿಂದಲೇ ಮರಿಯನ್ನು ಕಚ್ಚಿ ಎಳೆದುಕೊಂಡು ಹೊರಗೆ ಜಿಗಿದಳು. ಹಿಂದೆ ಬಂದ ಹಾವಿನ ತಲೆ ಹೊಸ ಕಿಂಡಿಯಲ್ಲಿ ಸಿಕ್ಕಿಕೊಂಡಿತು.

"ಬೂದವ್ವ," ಎಂದಿತು ಅದು, ಒಂಚೂರೂ ಸಿಟ್ಟಿಲ್ಲದೆ. "ಇವತ್ತಲ್ಲದಿದ್ದರೆ ಇನ್ನೊಂದು ದಿನ."

ಬೂದವ್ವ ಕಲ್ಲುಗಳ ಸಂದಿಯಲ್ಲಿ ಹೊಸ ಮನೆ ಮಾಡಿದಳು. ಮರಿಗಳಿಗೆ ಹಾಲು ಕುಡಿಸುತ್ತ ಅಲುಗಾಡದೆ ಮಲಗಿದಳು. ಅಲಗಿಗೆ ರಜೆ ಕೊಟ್ಟಳು.

ಒಂದು ದಿನ ಎದ್ದರೆ ಬಾಯಿ ಮುಚ್ಚಲಾಗಲಿಲ್ಲ. ಅಲಗು ಉದ್ದವಾಗಿತ್ತು. ಮರುದಿನ ಇನ್ನೂ ಉದ್ದ. ಕೆಳಗಿನದು ಬಾಗಿ ಮೇಲೇರಿ ಅಂಗುಳಕ್ಕೆ ಚುಚ್ಚಿತು. ಅಲ್ಲಿಂದ ಮೇಲಕ್ಕೆ ಏನಿದೆ ಎಂದು ಅವಳಿಗೆ ಗೊತ್ತಿತ್ತು. ತಲೆಯೊಳಕ್ಕೆ ದಾರಿ.

ಹಾಗೇ ಕೆಂಪು ಬೆಟ್ಟಕ್ಕೆ ಓಡಿದಳು. ಚಿಪ್ಪಯ್ಯ ಅಂಗಡಿ ಎತ್ತಿ, ತನಗೆಂದು ಒಂದೂ ಇಟ್ಟುಕೊಳ್ಳದೆ ಎಲ್ಲವನ್ನೂ ಮಾರಿ, ಬೊಚ್ಚುಬಾಯಲ್ಲಿ ಇರುವೆ ನೆಕ್ಕುತ್ತ ಕುಳಿತಿದ್ದ.

"ಇದನ್ನು ವಾಪಸ್ ತಗೋ!" ಎಂದಳು ಅವಳು, ತೆರೆದ ಬಾಯಿಂದ ತೊದಲುತ್ತ.

"ಹಾಕಿಕೊಂಡ ಅಲಗು ವಾಪಸ್ ಇಲ್ಲ ತಾಯಿ. ಹೇಳೋಣ ಅಂದೆ, ನೀನು ನಿಲ್ಲಲಿಲ್ಲ. ಬೇರೆ ಅಲಗಿಗೆ ನೀನು ಚಾಕರಿ ಮಾಡಬೇಕು. ಇದಕ್ಕೆ ನೀನು ಕೆಲಸ ಕೊಡಬೇಕು, ಅಷ್ಟೇ. ಕೆಲಸ ಇಲ್ಲದಿದ್ದರೆ ಅದು ನಿನ್ನ ಕಡೆಗೇ ಬೆಳೆಯುತ್ತೆ."

"ಎಷ್ಟು ದಿನ?"

"ಉಸಿರಿರೋವರೆಗೆ."

ಬೂದವ್ವ ಅಲ್ಲೇ ಇದ್ದ ಬಾಗೆ ಮರದ ಬೊಡ್ಡೆಗೆ ಬಾಯಿ ಹಾಕಿದಳು. ಕರಕರ, ಕರಕರ. ಅಲಗು ಸವೆಯಿತು, ಬಾಯಿ ಮುಚ್ಚಿತು. ತರಗೆಲೆ ಸರಸರ ಎಂದಿತು. ನಿಲ್ಲಿಸಿ ಕಿವಿಗೊಟ್ಟಳು. ಹಾವಲ್ಲ, ಗಾಳಿ. ಮತ್ತೆ ಶುರು ಮಾಡಿದಳು.

ಒಂದು ಭಯ ಹೊರಗೆ, ಒಂದು ಭಯ ಬಾಯಲ್ಲಿ. ಅಲಗು ಮಾತ್ರ ಇಂದಿಗೂ ಮೊಂಡಾಗಿಲ್ಲ. ಬೂದವ್ವನ ಮಕ್ಕಳಿಗೆ, ಮೊಮ್ಮಕ್ಕಳಿಗೆ ಅದೇ ಅರಿಸಿನ ಬಣ್ಣದ್ದು ಬಂತು.

ಅದಕ್ಕೇ ಮಗು, ಅಟ್ಟದ ಮೇಲಿನ ಇಲಿ ಹೊಟ್ಟೆ ತುಂಬಿದ್ದರೂ ಪೆಟ್ಟಿಗೆಯ ಮೂಲೆಯನ್ನು ಕರಕರ ಎಂದು ಕಡಿಯುತ್ತಿರುತ್ತದೆ. ನೀನು ಗೋಡೆ ತಟ್ಟಿದರೆ ಹಾವೇನೋ ಎಂದು ಥಟ್ಟನೆ ನಿಲ್ಲಿಸುತ್ತದೆ, ನೀನು ಸುಮ್ಮನಾದೊಡನೆ ಅಲಗು ಬೆಳೆದೀತೆಂದು ಮತ್ತೆ ಶುರು ಮಾಡುತ್ತದೆ.