ಕಾಣೆ ಹಿಡಿಯಲು ಹೋದ ವ್ಯಾಪಾರಿ

“ಗುರುಗಳೇ, ಯಾರಿಗೂ ಗೊತ್ತಾಗದ ಹಾಗೆ ಇದ್ದುಬಿಡುವುದೇ ಕ್ಷೇಮವಲ್ಲವೇ?” ಎಂದು ಐತಪ್ಪ ಕೇಳಿದ.

ಅವನು ಸುಮ್ಮನೆ ಕೇಳಿದ್ದಲ್ಲ. ಮಠದ ಹಿಂದಿನ ಕೋಣೆಯಲ್ಲಿ, ಬಾಗಿಲ ಮರೆಯಲ್ಲಿ, ಅವನ ಗಂಟು ಕಟ್ಟಿಯಾಗಿತ್ತು. ಎರಡು ಪಂಚೆ, ಒಂದು ಕಂಬಳಿ, ಒಂದು ಲೋಟ. ಮರುದಿನ ಬೆಳಕು ಹರಿಯುವ ಮೊದಲು ಯಾರಿಗೂ ಹೇಳದೆ ಮಠ ಬಿಡಬೇಕೆಂದು ಅವನು ನಿಶ್ಚಯಿಸಿದ್ದ. ಹೇಳಿ ಹೋದರೆ ಅಡುಗೆಯ ಗುಲಾಬಕ್ಕ ಅಳುತ್ತಾಳೆ, ಗುರುಗಳು ವಿವರಿಸುತ್ತಾರೆ. ಎರಡನ್ನೂ ತಡೆದುಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಆದರೆ ಹೇಳದೆ ಹೋಗಲು ಮನಸ್ಸು ಅಳುಕುತ್ತಿತ್ತು. ಈ ಪ್ರಶ್ನೆಗೆ ಗುರುಗಳು ಹೌದು ಎಂದುಬಿಟ್ಟರೆ ಅಪ್ಪಣೆ ಪಡೆದಂತೆಯೂ ಆಗುತ್ತದೆ, ಕೇಳದೆ ಹೋದಂತೆಯೂ ಆಗುತ್ತದೆ ಎಂಬುದು ಅವನ ಉಪಾಯ.

ಹೋಗಲು ಕಾರಣ ಗುರುಗಳೇ. ಅವರು ಕೆಟ್ಟವರಲ್ಲ. ಹಿರಿಯ ಗುರುಗಳು ತೀರಿಕೊಂಡು ಮೂರು ತಿಂಗಳಾಗಿತ್ತು, ಇವರು ಪೀಠಕ್ಕೆ ಹೊಸಬರು. ಹಿರಿಯರು ಮೂರು ಮಾತಿನಲ್ಲಿ ಮುಗಿಸುತ್ತಿದ್ದುದನ್ನು ಇವರು ಮೂವತ್ತು ಮಾತಿನಲ್ಲಿ ಶುರು ಮಾಡುತ್ತಿದ್ದರು. ನೀರು ಕುಡಿ ಎನ್ನಬೇಕಾದರೆ ನೀರು ಎಂದರೇನು ಎಂಬಲ್ಲಿಂದ ಹೊರಡುತ್ತಿದ್ದರು. ಸಾಲದ್ದಕ್ಕೆ, ನಡೆಯುವಾಗ ಕಾಲೆಳೆಯುತ್ತಿದ್ದರು. ಸರ್, ಸರ್, ಸರ್. ಆ ಸದ್ದಿಗೆ ಐತಪ್ಪನ ಹಲ್ಲು ಜುಮ್ಮೆನ್ನುತ್ತಿತ್ತು. ಒಂದು ಅನುಕೂಲವೂ ಇತ್ತೆನ್ನಿ. ಅವರು ಬರುವುದು ಮೊದಲೇ ತಿಳಿಯುತ್ತಿದ್ದುದರಿಂದ ಗಂಟನ್ನು ಬಾಗಿಲ ಮರೆಗೆ ತಳ್ಳಲು ಸಮಯ ಸಿಗುತ್ತಿತ್ತು.

ಗುರುಗಳು ಗಂಟಲು ಸರಿಮಾಡಿಕೊಂಡರು.

“ಇದಕ್ಕೊಂದು ಕತೆ ಇದೆ. ಆದರೆ ಮೊದಲೇ ಹೇಳಿಬಿಡುತ್ತೇನೆ ಐತಪ್ಪ, ನನಗೆ ಕತೆ ಹೇಳಲು ಬಾರದು. ಹೆಚ್ಚುಕಡಿಮೆಯಾದರೆ ಕ್ಷಮಿಸಬೇಕು. ಹಿರಿಯರು ಹೇಳಿದ್ದರೆ ನಿನಗೆ ಕಣ್ಣೀರು ಬರುತ್ತಿತ್ತು. ನಾನು ಹೇಳಿದರೆ ನಿದ್ದೆ ಬರಬಹುದು.”

“ಹೇಳಿ ಗುರುಗಳೇ” ಎಂದ ಐತಪ್ಪ. ಹೌದು ಎಂದರೆ ಸಾಕಿತ್ತಲ್ಲ ಎಂದು ಒಳಗೊಳಗೇ ಅಂದುಕೊಂಡ.

ಗುರುಗಳು ಹೇಳತೊಡಗಿದರು.

ಅಳಿವೆಯ ಪಕ್ಕದ ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅಳಿವೆ ಎಂದರೆ ಹೊಳೆ ಕಡಲನ್ನು ಸೇರುವ ಜಾಗ. ಅಲ್ಲಿ ನೀರು ಅರ್ಧ ಸಿಹಿ, ಅರ್ಧ ಉಪ್ಪು. ವ್ಯಾಪಾರಿಗೆ ಒಬ್ಬ ಭಾವಮೈದುನ ಇದ್ದ, ಎಂದರೆ ಹೆಂಡತಿಯ ತಮ್ಮ. ಅವನು ಊಟಕ್ಕೆ ಬಂದಾಗಲೆಲ್ಲ, “ಭಾವ, ನೀವು ಜನ್ಮದಲ್ಲಿ ಬಟ್ಟೆ ಅಳೆದದ್ದುಂಟು, ಹರಿದದ್ದುಂಟು. ಏನಾದರೂ ಹಿಡಿದದ್ದುಂಟೋ?” ಎಂದು ಕೆಣಕುತ್ತಿದ್ದ. ಒಂದು ದಿನ ವ್ಯಾಪಾರಿಗೆ ರೇಗಿತು. “ಬರುವ ಭಾನುವಾರ ನನ್ನ ಕೈಯಾರೆ ಹಿಡಿದ ಕಾಣೆ ಮೀನನ್ನು ನಿನ್ನ ಎಲೆಗೆ ಬಡಿಸದಿದ್ದರೆ ನಾನು ಅಂಗಡಿಯ ಬಾಗಿಲನ್ನೇ ತೆರೆಯುವುದಿಲ್ಲ” ಎಂದುಬಿಟ್ಟ.

“ಕಾಣೆ ಎಂದರೆ…” ಎಂದು ಗುರುಗಳು ಕತೆ ನಿಲ್ಲಿಸಿದರು.

“ಗೊತ್ತು ಗುರುಗಳೇ. ಮೀನು.”

“ಮೀನೇ. ಸಪೂರಕ್ಕೆ, ಬೆಳ್ಳಗೆ ಇರುತ್ತದೆ. ಆದರೆ ಕಾಣೆ ಎಂದರೆ ಕಾಣದೆ ಹೋಗುವುದು ಎಂದೂ ಅರ್ಥ. ಆ ಅರ್ಥ ಆಮೇಲೆ ಬರುತ್ತದೆ. ನೆನಪಿಟ್ಟುಕೋ.”

ಐತಪ್ಪ ನೆನಪಿಟ್ಟುಕೊಂಡ.

ವ್ಯಾಪಾರಿಗೆ ಮೀನು ತಿಂದು ಗೊತ್ತಿತ್ತೇ ಹೊರತು ಹಿಡಿದು ಗೊತ್ತಿರಲಿಲ್ಲ. ಹಗಲಿನಲ್ಲಿ ಗಾಳ ಹಾಕಿ ಕೂತರೆ ಇಡೀ ಊರು ನಗುತ್ತದೆ. ಆದ್ದರಿಂದ ರಾತ್ರಿ ಹೋಗುವುದೆಂದು ತೀರ್ಮಾನಿಸಿ ಒಬ್ಬ ಮುದುಕ ಬೆಸ್ತನ ಬಳಿ ದೋಣಿ ಕೇಳಿದ. ಒಬ್ಬನೇ ಕೂರುವ ಪುಟ್ಟ ದೋಣಿ. ಕೂತವನು ಸೀನಿದರೆ ದೋಣಿಯೂ ಸೀನುತ್ತದೆ, ಅಂಥದ್ದು.

ಬೆಸ್ತ ದೋಣಿಯ ಜೊತೆಗೆ ಒಂದು ಬ್ಯಾಟರಿ ದೀಪವನ್ನೂ ಕೊಟ್ಟು ಹೇಳಿದ: “ಧನಿಗಳೇ, ಎರಡೇ ಮಾತು. ನೀರಿಗಿಳಿದಾಗ ಕಾಲೆಳೆಯಬೇಕು, ಎತ್ತಿ ಇಡಬಾರದು. ದೀಪ ಎತ್ತರಕ್ಕೆ ಕಟ್ಟಬೇಕು, ಮುಚ್ಚಬಾರದು.”

“ಏನಯ್ಯಾ, ನನ್ನ ಕಾಲೆಳೆಯುತ್ತೀಯಾ?”

“ನಾನೆಲ್ಲಿ ಎಳೆಯಲಿ ಧನಿಗಳೇ? ನಿಮ್ಮ ಕಾಲು, ನೀವೇ ಎಳೆದುಕೊಳ್ಳಬೇಕು.”

ಇವನೂ ಭಾವಮೈದುನನ ಕಡೆಯವನೇ ಎಂದು ವ್ಯಾಪಾರಿಗೆ ಖಾತ್ರಿಯಾಯಿತು. ಅದಕ್ಕೆ ಕಾರಣವಿತ್ತು. ಅವನು ಚಿಕ್ಕವನಿದ್ದಾಗ ಕಾಲೆಳೆದು ನಡೆದರೆ ತಾಯಿ ಸೌಟಿನ ಹಿಡಿಯಿಂದ ಮೀನಖಂಡಕ್ಕೆ ಬಾರಿಸುತ್ತಿದ್ದಳು. “ಮನೆಯಲ್ಲಿ ಕಾಲೆಳೆದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ” ಎನ್ನುತ್ತಿದ್ದಳು. ಐವತ್ತು ವರ್ಷದಿಂದ ಅವನು ಹೆಜ್ಜೆ ಎತ್ತಿ ಎತ್ತಿಯೇ ಇಟ್ಟಿದ್ದ. ಲಕ್ಷ್ಮಿಯೂ ಹೋಗಿರಲಿಲ್ಲ. ಈಗ ಒಬ್ಬ ಬೆಸ್ತನ ಮಾತಿಗೆ ತಾಯಿಯ ಮಾತು ಮೀರುವುದೇ?

“ಅಯ್ಯೋ, ಒಂದು ಮರೆತೆ” ಎಂದರು ಗುರುಗಳು. “ಕಾಲು ಯಾಕೆ ಎಳೆಯಬೇಕೆಂದು ಮೊದಲೇ ಹೇಳಬೇಕಿತ್ತು. ಅಲ್ಲಿ ತೊರಕೆ ಎಂಬ ಮೀನು ಇರುತ್ತದೆ. ಮೊರದ ಹಾಗೆ ಚಪ್ಪಟೆ. ಮೊರ ಎಂದರೆ ಅಕ್ಕಿ ಕೇರುತ್ತಾರಲ್ಲ…”

“ಗೊತ್ತು ಗುರುಗಳೇ.”

“ಚಾಟಿಯಂಥ ಬಾಲ. ಬಾಲದಲ್ಲಿ ಗರಗಸದಂಥ ಮುಳ್ಳು, ಮುಳ್ಳಿನಲ್ಲಿ ವಿಷ. ತೊರಕೆ ತಗ್ಗು ನೀರಿನಲ್ಲಿ ಮರಳು ಹೊದ್ದು ಮಲಗುತ್ತದೆ. ನೀನು ಕಾಲೆಳೆದು ಬಂದರೆ ಮರಳು ಅಲುಗುತ್ತದೆ. ಯಾರೋ ಬಂದರು ಎಂದು ಅದು ಎದ್ದು ಹೋಗುತ್ತದೆ. ಮರ್ಯಾದಸ್ಥ ಪ್ರಾಣಿ. ಕಾಲೆತ್ತಿ ಅದರ ಬೆನ್ನ ಮೇಲೆಯೇ ಇಟ್ಟರೆ ಪಾಪ, ಅದಾದರೂ ಏನು ಮಾಡಬೇಕು?”

ಆ ರಾತ್ರಿ ವ್ಯಾಪಾರಿ ಕೊಕ್ಕರೆಯ ಹಾಗೆ ಕಾಲೆತ್ತಿ ಎತ್ತಿ ನೀರಿಗಿಳಿದ. ಏನೂ ಆಗಲಿಲ್ಲ. ನೋಡಿದೆಯಾ, ಸುಳ್ಳ ಬೆಸ್ತ ಎಂದುಕೊಂಡು ದೋಣಿ ಹತ್ತಿದ. ಬ್ಯಾಟರಿ ದೀಪವನ್ನು ಹೊತ್ತಿಸಿ, ಮಂಡಿಗಳ ನಡುವೆ ಇಟ್ಟು, ತನ್ನದೇ ಅಂಗಡಿಯ ಕರಿ ಶಾಲನ್ನು ನಾಲ್ಕು ಮಡಿಕೆ ಮಾಡಿ ಮುಚ್ಚಿದ. ಎರೆ ಸಿಕ್ಕಿಸುವಾಗ ಮಾತ್ರ ಶಾಲಿನ ಒಂದು ಮೂಲೆ ಎತ್ತಿ ನೋಡುತ್ತಿದ್ದ. ಊರಿಗೆ ಕಾಣಬಾರದು, ತನಗೆ ಕಂಡರೆ ಸಾಕು. ದಡಕ್ಕೆ ಹತ್ತಿರವಿದ್ದರೆ ಯಾರಾದರೂ ಕೆಮ್ಮು ಗುರುತಿಸಿಯಾರು ಎಂದು ನಡುನೀರಿನವರೆಗೂ ಹೋದ. ನಡುನೀರು ಎಂದರೆ ದೊಡ್ಡ ದೋಣಿಗಳು ಕಡಲಿನಿಂದ ಮರಳುವ ದಾರಿ.

ಅದೃಷ್ಟ ನೋಡು, ಒಂದು ಕಾಣೆ ಸಿಕ್ಕಿತು. ಗೇಣುದ್ದದ್ದು. ವ್ಯಾಪಾರಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಈಗ ಹೇಳು ಮಗನೇ, ಹಿಡಿದದ್ದುಂಟೋ?” ಎಂದು ಕತ್ತಲಿಗೆ ಕೇಳಿದ.

ಕತ್ತಲು, ದುಡು ದುಡು ದುಡು, ಎಂದು ಉತ್ತರಿಸಿತು.

“ಅದು ಎಂಜಿನ್ನಿನ ಸದ್ದು” ಎಂದರು ಗುರುಗಳು. “ದೊಡ್ಡ ಮೀನು ದೋಣಿ. ಅದು ಗಾಡಿಯ ಹಾಗೆ ತಟ್ಟನೆ ನಿಲ್ಲುವುದಿಲ್ಲ. ಗಾಡಿಗಾದರೆ ಎತ್ತಿನ ಹಗ್ಗ ಜಗ್ಗಿದರೆ ಸಾಕು. ಎತ್ತು ಎಂದರೆ…”

“ಗುರುಗಳೇ, ದೋಣಿ ಬಂತು!” ಎಂದ ಐತಪ್ಪ. ಅವನು ಯಾವಾಗಲೋ ಗೋಡೆ ಬಿಟ್ಟು ಮುಂದಕ್ಕೆ ಸರಿದು ಕೂತಿದ್ದ.

ಬಂತು. ನೇರ ಇವನ ಮೇಲೆಯೇ ಬಂತು. ವ್ಯಾಪಾರಿ ಏನು ಮಾಡಿದ? ಅಡಗಿ ಕುಳಿತ. ಶಾಲನ್ನು ತಲೆಯವರೆಗೆ ಎಳೆದುಕೊಂಡ. ಆ ದೋಣಿಯವರೆಲ್ಲ ಅವನ ಅಂಗಡಿಯಲ್ಲೇ ಲುಂಗಿ ಕೊಳ್ಳುವವರು. ಕಂಡರೆ ಮಾನ ಹೋಗುತ್ತದೆ. ಕಾಣದಿದ್ದರೆ ಪ್ರಾಣ ಹೋಗುತ್ತದೆ. ವ್ಯಾಪಾರಿ ಎರಡನ್ನೂ ತೂಗಿ ನೋಡಿದ. ವ್ಯಾಪಾರಿಯಲ್ಲವೇ, ತೂಗಲು ಸ್ವಲ್ಪ ಹೊತ್ತು ಹಿಡಿಯಿತು. ಕಾಣೆ ಹಿಡಿಯಲು ಹೋದವನು ತಾನೇ ಕಾಣೆಯಾಗುವುದರಲ್ಲಿದ್ದ.

“ಆ ಅರ್ಥ ಇಲ್ಲಿ ಬಂತು” ಎಂದರು ಗುರುಗಳು.

“ತಿಳಿಯಿತು. ಆಮೇಲೆ?”

ಇನ್ನೇನು ದೋಣಿಯ ಮೂತಿ ತಲೆಯ ಮೇಲೆ ಬಂತು ಎನ್ನುವಾಗ ಅವನು ಶಾಲನ್ನು ಕಿತ್ತೆಸೆದು, ದೀಪ ಎತ್ತಿ ಹಿಡಿದು, “ನಾನಿದ್ದೇನೆ! ಬಟ್ಟೆ ಅಂಗಡಿಯವನು ಇದ್ದೇನೆ!” ಎಂದು ಅರಚಿದ. ದೊಡ್ಡ ದೋಣಿ ಒಂದು ಮಾರು ಪಕ್ಕಕ್ಕೆ ತಿರುಗಿತು. ಅದು ಎಬ್ಬಿಸಿದ ಅಲೆ ಪುಟ್ಟ ದೋಣಿಯನ್ನು ಮರಳ ದಿಣ್ಣೆಯವರೆಗೆ ತಳ್ಳಿಕೊಂಡು ಹೋಗಿ ಮಗುಚಿತು. ಅಲ್ಲಿ ಸೊಂಟದವರೆಗೆ ಮಾತ್ರ ನೀರು. ಕಾಣೆ ಮೀನು ತನ್ನ ದಾರಿ ಹಿಡಿಯಿತು. ವ್ಯಾಪಾರಿ ಎದ್ದು ನಿಂತ. ಪ್ರಾಣ ಉಳಿಯಿತಲ್ಲ ಎಂಬ ಸಂತೋಷಕ್ಕೆ, ತಾಯಿಯನ್ನು ನೆನೆದು, ಮದುವೆ ಚಪ್ಪರಕ್ಕೆ ನಡೆಯುವ ಮದುಮಗನ ಹಾಗೆ ಹೆಜ್ಜೆ ಎತ್ತಿ ಎತ್ತಿ ದಡದ ಕಡೆಗೆ ನಡೆದ.

ನಾಲ್ಕನೆಯ ಹೆಜ್ಜೆ ತೊರಕೆಯ ಮೇಲೆ ಬಿತ್ತು.

ಅವನ ಕೂಗಿಗೆ ಆಚೆ ದಡದ ನಾಯಿಗಳೂ ಎದ್ದವು. ದೊಡ್ಡ ದೋಣಿಯವರೇ ಅವನನ್ನು ಹೊತ್ತು ತಂದು ಬೆಸ್ತನ ಅಂಗಳದಲ್ಲಿ ಕೂರಿಸಿದರು. ಬೆಸ್ತನ ಹೆಂಡತಿ ಭತ್ತ ಬೇಯಿಸುವ ಹಂಡೆಯಲ್ಲಿ ನೀರು ಕಾಯಿಸಿದಳು. ತಡೆಯುವಷ್ಟು ಬಿಸಿ ನೀರಿನಲ್ಲಿ ಕಾಲು ಅದ್ದಿದರೆ ಆ ವಿಷದ ಉರಿ ತಗ್ಗುತ್ತದೆ. ಮುಳ್ಳು ತೆಗೆಯಲು ವೈದ್ಯರು ಬರಬೇಕು. ವೈದ್ಯರು ಬರುವ ಮೊದಲು ಊರು ಬಂತು. ಯಾರಿಗೂ ಕಾಣಬಾರದೆಂದು ಹೊರಟವನನ್ನು, ಒಂದು ಕಾಲು ಹಂಡೆಯಲ್ಲಿಟ್ಟು ಕೂತ ಭಂಗಿಯಲ್ಲಿ, ಜನ ಸಾಲಾಗಿ ಬಂದು ನೋಡಿ ಹೋದರು. ಕೊನೆಗೆ ಭಾವಮೈದುನನೂ ಬಂದ.

“ಭಾವ, ಹಿಡಿಯಲು ಹೋದದ್ದೋ, ಹಿಡಿಸಿಕೊಳ್ಳಲು ಹೋದದ್ದೋ?”

ವ್ಯಾಪಾರಿ ಬೆಸ್ತನ ಕಡೆಗೆ ತಿರುಗಿ ಗೋಳಾಡಿದ: “ನಾನು ಯಾರಿಗೆ ಏನು ಮಾಡಿದ್ದೆನಯ್ಯಾ? ಮೇಲಿನಿಂದ ದೋಣಿ, ಕೆಳಗಿನಿಂದ ತೊರಕೆ. ನನ್ನ ಮೇಲೆ ಯಾಕೆ ಇಷ್ಟು ದ್ವೇಷ?”

“ದ್ವೇಷ ಎಲ್ಲಿಯದು ಧನಿಗಳೇ? ನೀವು ಅಲ್ಲಿದ್ದೀರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ದೀಪ ಕೊಟ್ಟದ್ದು ನೀವು ನೋಡಲಿಕ್ಕಲ್ಲ, ನಿಮ್ಮನ್ನು ನೋಡಲಿಕ್ಕೆ.”

“ಅಂದಿನಿಂದ ಅವನು ನೆಲದ ಮೇಲೂ ಕಾಲೆಳೆದೇ ನಡೆಯುತ್ತಾನೆ” ಎಂದು ಗುರುಗಳು ಕತೆ ಮುಗಿಸಿದರು.

ಐತಪ್ಪ ಗುರುಗಳ ಪಾದದ ಕಡೆಗೆ ನೋಡಿದ. ಅವರು ಪಂಚೆಯ ಅಂಚನ್ನು ಸ್ವಲ್ಪ ಕೆಳಗೆ ಎಳೆದುಕೊಂಡರು.

ಐತಪ್ಪನಿಗೆ ಗಂಟಿನ ನೆನಪಾಯಿತು. ಹೌದು ಎಂಬ ಉತ್ತರ ಇನ್ನೂ ಸಿಕ್ಕಿರಲಿಲ್ಲ. “ಕತೆ ಚೆನ್ನಾಗಿದೆ ಗುರುಗಳೇ” ಎಂದ ಮೆಲ್ಲಗೆ. “ಆದರೆ ನಮ್ಮ ಮಠದಲ್ಲಿ ದೋಣಿಯೂ ಇಲ್ಲ, ತೊರಕೆಯೂ ಇಲ್ಲ. ಇಲ್ಲಿ ಯಾರಿಗೂ ಗೊತ್ತಾಗದ ಹಾಗೆ ಇದ್ದರೆ ಯಾರಿಗೆ ಏನು ನೋವು?”

ಗುರುಗಳು ಈ ಸಲ ಗಂಟಲು ಸರಿಮಾಡಿಕೊಳ್ಳಲಿಲ್ಲ.

“ನಾಳೆ ಬೆಳಗಿನ ಜಾವ ಹೋಗುವಾಗ ಕಾಲೆಳೆದುಕೊಂಡು ಹೋಗು, ಐತಪ್ಪ.”

ಐತಪ್ಪ ತಟ್ಟನೆ ಗಂಟಿದ್ದ ಕೋಣೆಯ ಕಡೆಗೆ ತಿರುಗಿ ನೋಡಿದ.

ಆ ನೋಟಕ್ಕೆ ಗುರುಗಳಿಗೆ ಕಸಿವಿಸಿಯಾಯಿತು. “ಅಂದರೆ, ಕಾಲೆಳೆಯುವುದು ಎಂದು ನಾನು ಹೇಳಿದ್ದು ಬರೀ ಕಾಲಿನ ವಿಷಯವಲ್ಲ. ಅದಕ್ಕೆ ಎರಡು ಅರ್ಥ. ಒಂದು, ನೀನು ಹೋಗುವುದು ಮಲಗಿದ್ದವರಿಗೆ ತಿಳಿಯಲಿ ಎಂದು. ಇನ್ನೊಂದು…”

“ಗುರುಗಳೇ! ಕರು ಹಗ್ಗ ಕಳಚಿಕೊಂಡು ಹೋಗಿದೆ! ಬೇಗ ಬನ್ನಿ!” ಎಂದು ಅಂಗಳದಿಂದ ಗುಲಾಬಕ್ಕ ಕೂಗಿದಳು.

ಗುರುಗಳು ಎದ್ದು ಹೋದರು. ಸರ್, ಸರ್, ಸರ್.

ಐತಪ್ಪ ಕೂತಲ್ಲಿಂದ ಏಳಲಿಲ್ಲ. ಇನ್ನೊಂದು ಅರ್ಥ ಯಾವುದೆಂದು ಅವನಿಗೆ ಕೇಳಬೇಕಾಗಿತ್ತು.